ವಿದ್ಯೆ ಮತ್ತು ವಿನಿಯೋಗ: ಸಂಖ್ಯಾಶಾಸ್ತ್ರಜ್ಞ ಡಾ. ಸಿ. ಆರ್. ರಾವ್

ಅನ್ನ ಬೆಂದಿದೆಯೋ ಇಲ್ಲವೋ ಎಂಬುದನ್ನು ಅರಿಯಲು ಗೃಹಿಣಿಯು ಪಾತ್ರೆಯಲ್ಲಿರುವ ಅಗುಳುಗಳನ್ನೆಲ್ಲ ಹಿಸುಕಿ ನೋಡುವುದಿಲ್ಲ. ಒಂದೆರಡು ಅಗುಳುಗಳನ್ನು ಬೆರಳಿನಿಂದ ಒತ್ತಿ ನೋಡಿ ಇಡೀ ಪಾತ್ರೆಯ ಸ್ಥಿತಿಯನ್ನು ನಿರ್ಣಯಿಸುತ್ತಾಳೆ. ನಮ್ಮ ಶಾಸ್ತ್ರಕಾರರು ಇದನ್ನು ಸ್ಥಾಲೀಪುಲಾಕನ್ಯಾಯವೆಂದು ಕರೆದರು. ಅಂಶದಿಂದ ಪೂರ್ಣವನ್ನು ಊಹಿಸುವ ಈ ಕ್ರಮ ಲೋಕವ್ಯವಹಾರದಲ್ಲಿ ಎಲ್ಲರಿಗೂ ಪರಿಚಿತವಾದುದೇ. ಆದರೆ ಈ ನ್ಯಾಯಕ್ಕೂ ಒಂದು ಮಿತಿಯುಂಟು. ತಳದ ಅನ್ನ ಸೀದುಹೋಗಿ ಮೇಲಿನದು ಬೇಯದೆ ಉಳಿದಿದ್ದರೆ, ಮೇಲಿನ ಒಂದಗುಳು ಹೇಳುವ ಸಾಕ್ಷ್ಯ ಪೂರ್ಣ ಸತ್ಯವಾಗಲಾರದು. ಅಗುಳನ್ನು ಎಲ್ಲಿಂದ ತೆಗೆಯಬೇಕು, ಎಷ್ಟು ಅಗುಳುಗಳನ್ನು ನೋಡಿದರೆ ಸಾಕು, ಹಾಗೆ ಮಾಡಿದ ನಿರ್ಣಯದಲ್ಲಿ ಎಷ್ಟರಮಟ್ಟಿನ ತಪ್ಪು ಸಂಭವಿಸಬಹುದು, ಈ ಮೂರು ಪ್ರಶ್ನೆಗಳಿಗೆ ಯುಕ್ತಿಯುಕ್ತವಾದ ಉತ್ತರವನ್ನು ಅರಸುವ ವಿದ್ಯೆಯೇ ಸಂಖ್ಯಾಶಾಸ್ತ್ರ.

ಈ ಶಾಸ್ತ್ರವನ್ನು ಇಪ್ಪತ್ತನೆಯ ಶತಮಾನದಲ್ಲಿ ಬೆಳೆಸಿದ ಪ್ರಪಂಚದ ಅಗ್ರಗಣ್ಯ ವಿದ್ವಾಂಸರಲ್ಲಿ ಒಬ್ಬರು ಕನ್ನಡನಾಡಿನ ಹಡಗಲಿಯಲ್ಲಿ ಜನಿಸಿದವರು. ಅವರೇ ಕಲ್ಯಂಪೂಡಿ ರಾಧಾಕೃಷ್ಣ ರಾವ್. ವಿದ್ವತ್ಪ್ರಪಂಚಕ್ಕೆ ಅವರು ಸಿ. ಆರ್. ರಾವ್ ಎಂದೇ ಪರಿಚಿತರು. ಅವರ ಜೀವನವನ್ನೂ ಸಾಧನೆಯನ್ನೂ ಅವಲೋಕಿಸಿದರೆ, ವಿದ್ಯೆ ಬೇರೆ, ಅದರ ವಿನಿಯೋಗ ಬೇರೆ ಎಂಬ ಭಾವನೆ ಎಷ್ಟು ನಿರಾಧಾರವೆಂಬುದು ತಾನಾಗಿಯೇ ವ್ಯಕ್ತವಾಗುತ್ತದೆ.

ಪ್ರಾಚೀನರಲ್ಲಿ ಸಂಖ್ಯಾವಿದ್ಯೆ

'ಸಂಖ್ಯಾ' ಎಂಬ ಶಬ್ದದಲ್ಲಿರುವ 'ಖ್ಯಾ' ಧಾತುವಿಗೆ ಹೇಳು, ಪ್ರಕಟಪಡಿಸು ಎಂಬ ಅರ್ಥವಿದೆ. ಚೆನ್ನಾಗಿ ಪ್ರಕಟಪಡಿಸುವುದೇ ಸಂಖ್ಯೆ. ಎಣಿಕೆಯೆಂಬುದು ಕೇವಲ ಅಂಕೆಗಳ ರಾಶಿಯಲ್ಲ, ಅದು ವಸ್ತುಸ್ಥಿತಿಯನ್ನು ಬೆಳಗುವ ಸಾಧನ ಎಂಬ ಅರಿವು ಈ ಶಬ್ದದಲ್ಲಿಯೇ ಅಡಗಿದೆ.

ಕನಕದಾಸರ 'ನಳಚರಿತ್ರೆ'ಯಿಂದ ಕನ್ನಡಿಗರಿಗೆ ಆತ್ಮೀಯವಾಗಿರುವ ನಳನ ಕಥೆಯ ಮೂಲ ಮಹಾಭಾರತದ ವನಪರ್ವದಲ್ಲಿದೆ. ಅಲ್ಲಿ ಋತುಪರ್ಣ ಮಹಾರಾಜನು ರಥದಲ್ಲಿ ಹೋಗುತ್ತಿರುವಾಗ ವಿಭೀತಕವೃಕ್ಷವೊಂದನ್ನು ಕಂಡು, ಅದರ ಎಲೆಗಳ ಮತ್ತು ಹಣ್ಣುಗಳ ಸಂಖ್ಯೆಯನ್ನು ನಿಂತಲ್ಲಿಯೇ ಹೇಳುತ್ತಾನೆ. ಮಲೆನಾಡಿನವರು ತಾರೆಮರವೆನ್ನುವುದು ಇದನ್ನೇ. ಬಾಹುಕನ ವೇಷದಲ್ಲಿದ್ದ ನಳನು ಅದನ್ನು ನಂಬದೆ, ರಥವನ್ನು ನಿಲ್ಲಿಸಿ, ಮರವನ್ನು ಕಡಿದು ಹಣ್ಣುಗಳನ್ನು ಎಣಿಸಿ ನೋಡುತ್ತಾನೆ. ರಾಜನ ಮಾತು ಸರಿಯಾಗಿರುತ್ತದೆ. ಋತುಪರ್ಣನು ಅನುಸರಿಸಿದ ಕ್ರಮವೇನೆಂಬುದನ್ನು ಕಥೆ ವಿವರಿಸುವುದಿಲ್ಲ. ಆದರೆ ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಎಲ್ಲವನ್ನೂ ಎಣಿಸದೆಯೂ ಎಣಿಕೆಯನ್ನು ಅರಿಯಬಹುದೆಂಬ ನಂಬಿಕೆ ಒಂದು. ಹಾಗೆ ಹೇಳಿದವನು ರಾಜನೇ ಆಗಿದ್ದರೂ ಪರೀಕ್ಷಿಸದೆ ಒಪ್ಪಬಾರದೆಂಬ ನಳನ ವಿವೇಕ ಇನ್ನೊಂದು. ಆಧುನಿಕ ಸಂಖ್ಯಾಶಾಸ್ತ್ರವು ಈ ಎರಡನ್ನೂ ಸಮವಾಗಿ ಗೌರವಿಸುತ್ತದೆ.

ಜನನ ಮತ್ತು ವಿದ್ಯಾಭ್ಯಾಸ

ರಾಯರು ಜನಿಸಿದ್ದು 1920ನೆಯ ಇಸವಿ ಸೆಪ್ಟೆಂಬರ್ 10ರಂದು. ಹೂವಿನ ಹಡಗಲಿಯು ಆಗ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1953ರಲ್ಲಿ ಅದು ಮೈಸೂರು ರಾಜ್ಯಕ್ಕೆ ಸೇರಿತು. 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯಲ್ಲಿ ಇಂದು ಅದೊಂದು ತಾಲ್ಲೂಕು ಕೇಂದ್ರ. ತಂದೆ ದೊರೆಸ್ವಾಮಿ ನಾಯ್ಡು ಅವರು ಪೊಲೀಸ್ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದರು. ತಾಯಿ ಲಕ್ಷ್ಮೀಕಾಂತಮ್ಮ. ದೇವಕಿಯ ಅಷ್ಟಮಗರ್ಭದಲ್ಲಿ ಜನಿಸಿದ ಶ್ರೀಕೃಷ್ಣನಂತೆ ಈ ಶಿಶುವೂ ಎಂಟನೆಯದಾದ ಕಾರಣ ರಾಧಾಕೃಷ್ಣನೆಂದು ನಾಮಕರಣವಾಯಿತು. ಮನೆಮಾತು ತೆಲುಗು. ತಂದೆಯವರ ವರ್ಗಾವಣೆಗಳಿಂದಾಗಿ ಬಾಲಕನ ವಿದ್ಯಾಭ್ಯಾಸ ಆಂಧ್ರದ ಹಲವು ಊರುಗಳಲ್ಲಿ ನಡೆದು, ಕಡೆಗೆ ಕುಟುಂಬವು ವಿಶಾಖಪಟ್ಟಣದಲ್ಲಿ ನೆಲೆಸಿತು.

ಬೆಳಗಿನ ಜಾವ ನಾಲ್ಕು ಗಂಟೆಗೆ ಮಗನನ್ನು ಎಬ್ಬಿಸಿ, ಎಣ್ಣೆಯ ದೀಪವನ್ನು ಹಚ್ಚಿಟ್ಟು ಓದಲು ಕೂರಿಸುತ್ತಿದ್ದವರು ತಾಯಿ. ಮುಂದೆ ಜಗದ್ವಿಖ್ಯಾತರಾದ ಮೇಲೆ ರಾಯರು ತಮ್ಮ ಗ್ರಂಥವೊಂದನ್ನು ಆ ತಾಯಿಗೆ ಅರ್ಪಿಸುವಾಗ ಈ ಸಂಗತಿಯನ್ನೇ ಸ್ಮರಿಸಿದರು. ಮನೆಯ ಹಿರಿಯರು ನಸುಕಿನಲ್ಲಿ ಹಚ್ಚುವ ದೀಪದ ಬೆಳಕು ಎಷ್ಟು ದೂರ ಹರಿಯಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಆಂಧ್ರ ವಿಶ್ವವಿದ್ಯಾನಿಲಯದಲ್ಲಿ ಗಣಿತವನ್ನು ವ್ಯಾಸಂಗ ಮಾಡಿ ರಾಯರು ಎಂ.ಎ. ಪದವಿಯನ್ನು ಪ್ರಥಮ ದರ್ಜೆಯಲ್ಲಿ ಪಡೆದರು. ಅದು ಎರಡನೆಯ ಮಹಾಯುದ್ಧದ ಕಾಲ. ಸೈನ್ಯದ ಸರ್ವೇಕ್ಷಣ ವಿಭಾಗದಲ್ಲಿ ಗಣಿತಜ್ಞರ ಕೆಲಸವೊಂದಿದೆಯೆಂದು ತಿಳಿದು ಸಂದರ್ಶನಕ್ಕಾಗಿ ಕಲ್ಕತ್ತೆಗೆ ತೆರಳಿದರು. ಆ ಕೆಲಸ ದೊರೆಯಲಿಲ್ಲ. ಆದರೆ ಅವರು ಇಳಿದುಕೊಂಡಿದ್ದ ಹೋಟೆಲಿನಲ್ಲಿಯೇ, ಸಂಖ್ಯಾಶಾಸ್ತ್ರದ ತರಬೇತಿಗೆಂದು ಬಂದಿದ್ದ ದಕ್ಷಿಣದೇಶದ ಯುವಕರೊಬ್ಬರ ಪರಿಚಯವಾಯಿತು. ಅವರಿಂದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ವಿಷಯ ತಿಳಿಯಿತು. ಪ್ರೊ. ಪ್ರಶಾಂತಚಂದ್ರ ಮಹಲನೋಬಿಸ್ ಅವರು 1931ರಲ್ಲಿ ಸ್ಥಾಪಿಸಿದ ಸಂಸ್ಥೆಯದು. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಭೌತವಿಜ್ಞಾನ ವಿಭಾಗದ ಆಶ್ರಯದಲ್ಲಿ ಹುಟ್ಟಿ ಬೆಳೆದುದು. 1941ರ ಜನವರಿ 1ರಂದು ರಾಯರು ಅಲ್ಲಿ ಶಿಕ್ಷಣಾರ್ಥಿಯಾಗಿ ಸೇರಿದರು. ದೊರೆಯದೆ ಹೋದ ಒಂದು ಕೆಲಸವು ದೇಶಕ್ಕೆ ಒಬ್ಬ ಶಾಸ್ತ್ರಕಾರನನ್ನು ಕೊಟ್ಟಿತು. ಅದೇ ವರ್ಷ ಕಲ್ಕತ್ತ ವಿಶ್ವವಿದ್ಯಾನಿಲಯವು ಸಂಖ್ಯಾಶಾಸ್ತ್ರದಲ್ಲಿ ಎಂ.ಎ. ತರಗತಿಯನ್ನು ಆರಂಭಿಸಿತು. ಅದರ ಮೊದಲ ತಂಡದಲ್ಲಿದ್ದ ರಾಯರು 1943ರಲ್ಲಿ ಪ್ರಥಮ ಸ್ಥಾನವನ್ನೂ ಸ್ವರ್ಣಪದಕವನ್ನೂ ಗಳಿಸಿದರು.

ಶಿಷ್ಯನ ಪ್ರಶ್ನೆ, ಗುರುವಿನ ಉತ್ತರ

ಪದವಿ ಪಡೆದ ಕೂಡಲೇ ರಾಯರು ಅದೇ ತರಗತಿಗಳಿಗೆ ಪಾಠ ಹೇಳತೊಡಗಿದರು. ಒಂದು ದಿನ ಆಂಗ್ಲ ವಿದ್ವಾಂಸರಾದ ಆರ್. ಎ. ಫಿಶರ್ ಅವರ ಸಿದ್ಧಾಂತವೊಂದನ್ನು ವಿವರಿಸುತ್ತಿದ್ದರು. ಮಾಹಿತಿಯ ಪ್ರಮಾಣ ಬಹು ದೊಡ್ಡದಾದಾಗ ಅಂದಾಜಿನ ನಿಖರತೆಗೆ ಇರುವ ಮಿತಿಯನ್ನು ಕುರಿತ ಸಿದ್ಧಾಂತವದು. ತರಗತಿಯಲ್ಲಿದ್ದ ವಿನಾಯಕ ಮಹಾದೇವ ದಾಂಡೇಕರ್ ಎಂಬ ವಿದ್ಯಾರ್ಥಿ, ಮಾಹಿತಿ ಅಲ್ಪವಾಗಿದ್ದಾಗಲೂ ಇಂಥದೊಂದು ಮಿತಿಯನ್ನು ಸಾಧಿಸಬಹುದೇ ಎಂದು ಪ್ರಶ್ನಿಸಿದರು. ಗುರುವಿಗೆ ಆ ಕ್ಷಣದಲ್ಲಿ ಉತ್ತರ ತಿಳಿದಿರಲಿಲ್ಲ. ಅವರು ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ, ವಿದ್ಯಾರ್ಥಿಯನ್ನು ಗದರಿಸಲಿಲ್ಲ. ಮನೆಗೆ ಹೋಗಿ ರಾತ್ರಿಯೆಲ್ಲ ಅದನ್ನೇ ಚಿಂತಿಸಿ ಉತ್ತರವನ್ನು ಕಂಡುಕೊಂಡರು. ಪ್ರಶ್ನೆ ಕೇಳಿದ ದಾಂಡೇಕರ್ ಅವರು ಮುಂದೆ ಭಾರತದ ಬಡತನವನ್ನು ಕುರಿತು ನೀಲಕಂಠ ರಥ್ ಅವರೊಡನೆ 1971ರಲ್ಲಿ ಮಹತ್ವದ ಗ್ರಂಥವನ್ನು ರಚಿಸಿದ ಅರ್ಥಶಾಸ್ತ್ರಜ್ಞರಾದರು.

ಆ ಉತ್ತರವನ್ನು ಒಳಗೊಂಡ ಪ್ರಬಂಧ 1945ರಲ್ಲಿ ಕಲ್ಕತ್ತ ಗಣಿತ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಗ ರಾಯರಿಗೆ ಇಪ್ಪತ್ತೈದರ ಪ್ರಾಯ. ಆ ಒಂದೇ ಪ್ರಬಂಧದಲ್ಲಿ ಮೂರು ಮುಖ್ಯ ವಿಚಾರಗಳು ಮೊಳೆತಿದ್ದವು.

ಮೊದಲನೆಯದು ಇಂದು ಕ್ರಾಮೆರ್–ರಾವ್ ಅಸಮತೆಯೆಂದು ಪ್ರಸಿದ್ಧವಾಗಿರುವ ನಿಯಮ. ಬಾವಿಯಿಂದ ನೀರು ಸೇದುವವನು ಎಷ್ಟೇ ದೊಡ್ಡ ಕೊಡವನ್ನು ತಂದರೂ ಬಾವಿಯಲ್ಲಿ ಇರುವುದಕ್ಕಿಂತ ಹೆಚ್ಚು ನೀರು ದೊರೆಯದು. ಹಾಗೆಯೇ, ಪಕ್ಷಪಾತವಿಲ್ಲದ ಅಂದಾಜನ್ನು ಎಷ್ಟೇ ಜಾಣ್ಮೆಯಿಂದ ಮಾಡಿದರೂ, ಕೈಯಲ್ಲಿರುವ ಮಾಹಿತಿ ಅನುಮತಿಸುವ ಮಿತಿಯನ್ನು ಮೀರಿದ ನಿಖರತೆ ಬಾರದು. ಆ ಮಿತಿಯೆಷ್ಟೆಂಬುದನ್ನು ಈ ನಿಯಮ ಖಚಿತವಾಗಿ ಹೇಳುತ್ತದೆ. ಸ್ವೀಡನ್ ದೇಶದ ಹರಾಲ್ಡ್ ಕ್ರಾಮೆರ್ ಅವರು ಸ್ವತಂತ್ರವಾಗಿ ಇದನ್ನೇ ಕಂಡು 1946ರಲ್ಲಿ ತಮ್ಮ ಗ್ರಂಥದಲ್ಲಿ ಪ್ರಕಟಿಸಿದುದರಿಂದ ನಿಯಮಕ್ಕೆ ಇಬ್ಬರ ಹೆಸರೂ ಸೇರಿತು.

ಎರಡನೆಯದು ರಾವ್–ಬ್ಲ್ಯಾಕ್‌ವೆಲ್ ಪ್ರಮೇಯ. ಅಮೆರಿಕದ ಡೇವಿಡ್ ಬ್ಲ್ಯಾಕ್‌ವೆಲ್ ಅವರು 1947ರಲ್ಲಿ ಇದೇ ಫಲವನ್ನು ಸ್ವತಂತ್ರವಾಗಿ ಪಡೆದರು. ಕಣದಲ್ಲಿ ಹತ್ತು ಮೂಟೆ ಭತ್ತವನ್ನು ತೂಗಿದ್ದರೂ, ಮೊದಲನೆಯ ಮೂಟೆಯ ತೂಕವನ್ನು ಮಾತ್ರ ಹಿಡಿದು 'ಮೂಟೆಯ ಸಾಮಾನ್ಯ ತೂಕ ಇಷ್ಟು' ಎಂದು ಒಬ್ಬನು ಹೇಳಿದನೆನ್ನೋಣ. ಅದು ಒರಟು ಅಂದಾಜು. ಹತ್ತು ಮೂಟೆಗಳ ಒಟ್ಟು ತೂಕದಲ್ಲಿ ಅಡಗಿರುವ ಸಾರವನ್ನು ಬಳಸಿಕೊಂಡರೆ ಆ ಒರಟು ಅಂದಾಜು ಸಂಸ್ಕಾರಗೊಂಡು ಸರಾಸರಿಯಾಗಿ ಮಾರ್ಪಡುತ್ತದೆ. ಮಜ್ಜಿಗೆಯನ್ನು ಕಡೆದು ಬೆಣ್ಣೆಯನ್ನು ತೆಗೆಯುವಂತೆ, ಯಾವುದೇ ಒರಟು ಅಂದಾಜನ್ನು ಹೀಗೆ ಸಂಸ್ಕರಿಸುವ ಸಾಮಾನ್ಯ ಮಾರ್ಗವೊಂದನ್ನು ಈ ಪ್ರಮೇಯ ತೋರಿಸಿತು. ಸಂಸ್ಕಾರದಿಂದ ಅಂದಾಜು ಉತ್ತಮವಾಗಬಹುದೇ ಹೊರತು ಎಂದಿಗೂ ಕೆಡದು ಎಂಬುದು ಅದರ ವೈಶಿಷ್ಟ್ಯ.

ಮೂರನೆಯದು ಸಂಖ್ಯಾಶಾಸ್ತ್ರಕ್ಕೆ ರೇಖಾಗಣಿತದ ದೃಷ್ಟಿಯನ್ನು ತಂದುಕೊಟ್ಟಿತು. ಎರಡು ಊರುಗಳ ನಡುವಣ ದೂರವನ್ನು ಅಳೆಯುವಂತೆ, ಎರಡು ಸಂಭವನೀಯತಾ ವಿತರಣೆಗಳ ನಡುವಣ ದೂರವನ್ನೂ ಅಳೆಯಬಹುದೆಂದು ರಾಯರು ತೋರಿಸಿದರು. ಈ ಬೀಜವು ಮುಂದೆ ಮಾಹಿತಿ ರೇಖಾಗಣಿತವೆಂಬ ಪ್ರತ್ಯೇಕ ಶಾಖೆಯಾಗಿ ಬೆಳೆಯಿತು.

ಅಸ್ಥಿಗಳ ಅಳತೆಯಿಂದ ಡಾಕ್ಟರೇಟ್ ಪದವಿಗೆ

ಇಷ್ಟು ಸೂಕ್ಷ್ಮವಾದ ಗಣಿತವನ್ನು ರಚಿಸಿದ ವಿದ್ವಾಂಸರು 1946ರಲ್ಲಿ ಕೇಂಬ್ರಿಜ್‌ಗೆ ಹೋದದ್ದು ಯಾವ ಕಾರ್ಯಕ್ಕೆಂಬುದನ್ನು ಕೇಳಿದರೆ ಆಶ್ಚರ್ಯವಾಗುತ್ತದೆ. ಆಫ್ರಿಕದ ಸೂಡಾನ್ ದೇಶದ ಜೆಬೆಲ್ ಮೋಯಾ ಎಂಬಲ್ಲಿ, ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ನಡೆದ ಉತ್ಖನನದಿಂದ ಪ್ರಾಚೀನ ಮಾನವರ ಅಸ್ಥಿಗಳು ದೊರೆತಿದ್ದವು. ಅವುಗಳನ್ನು ಅಳೆದು, ಆ ಜನರಿಗೆ ಇತರ ಯಾವ ಜನವರ್ಗಗಳೊಡನೆ ಸಾಮ್ಯವಿತ್ತೆಂಬುದನ್ನು ನಿರ್ಣಯಿಸಬೇಕಾಗಿತ್ತು. ಕೇಂಬ್ರಿಜ್‌ನ ಮಾನವಶಾಸ್ತ್ರ ಸಂಗ್ರಹಾಲಯವು ಈ ಕಾರ್ಯಕ್ಕೆ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ನೆರವನ್ನು ಬಯಸಿತು. ಅದಕ್ಕೆ ಕಾರಣವಿತ್ತು. ಅನೇಕ ಅಳತೆಗಳನ್ನು ಒಟ್ಟಿಗೆ ಪರಿಗಣಿಸಿ ಎರಡು ಗುಂಪುಗಳ ನಡುವಣ ಅಂತರವನ್ನು ಹೇಳುವ ವಿಧಾನವನ್ನು ಮಹಲನೋಬಿಸ್ ಅವರು 1936ರಲ್ಲಿಯೇ ರೂಪಿಸಿದ್ದರು. ಸಂಯುಕ್ತ ಪ್ರಾಂತದ ಜನರ ದೇಹಮಾಪನದ ಅಂಕಿ ಅಂಶಗಳನ್ನು ಆ ವಿಧಾನದಿಂದ ವಿಶ್ಲೇಷಿಸಿದ ಅನುಭವ ರಾಯರಿಗಿತ್ತು.

ಹಗಲು ಸಂಗ್ರಹಾಲಯದ ಕೆಲಸವನ್ನು ಮಾಡುತ್ತಲೇ ರಾಯರು ಫಿಶರ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆಗೆ ಹೆಸರು ನೋಂದಾಯಿಸಿದರು. ಫಿಶರ್ ಅವರ ತಳಿಶಾಸ್ತ್ರ ಪ್ರಯೋಗಾಲಯದಲ್ಲಿ ಇಲಿಗಳನ್ನು ಸಾಕಿ ಅವುಗಳ ವಂಶಗುಣಗಳನ್ನು ಪರಿಶೀಲಿಸುವ ಕೆಲಸವನ್ನೂ ಮಾಡಿದರು. ಒಂದು ಅಸ್ಥಿಯೋ ಒಂದು ಜೀವಿಯೋ ಹಲವು ಗುಂಪುಗಳಲ್ಲಿ ಯಾವುದಕ್ಕೆ ಸೇರಿದ್ದೆಂದು ಅದರ ಅನೇಕ ಅಳತೆಗಳಿಂದ ನಿರ್ಣಯಿಸುವುದು ಹೇಗೆ ಎಂಬುದೇ ಅವರ ಮಹಾಪ್ರಬಂಧದ ವಿಷಯವಾಯಿತು. 1948ರಲ್ಲಿ ಡಾಕ್ಟರೇಟ್ ಪದವಿ ಲಭಿಸಿತು. ಅದೇ ವರ್ಷ ಅವರು ಪ್ರಕಟಿಸಿದ ಪರೀಕ್ಷಾವಿಧಾನವೊಂದು 'ಸ್ಕೋರ್ ಪರೀಕ್ಷೆ' ಎಂಬ ಹೆಸರಿನಿಂದ ಇಂದಿಗೂ ಬಳಕೆಯಲ್ಲಿದೆ. ಜೆಬೆಲ್ ಮೋಯಾದ ಜನರನ್ನು ಕುರಿತ ಗ್ರಂಥವು ರಾಮಕೃಷ್ಣ ಮುಖರ್ಜಿ ಮತ್ತು ಜೆ. ಸಿ. ಟ್ರೆವರ್ ಅವರೊಡಗೂಡಿ 1955ರಲ್ಲಿ ಹೊರಬಂದಿತು. ಅನ್ಯರು ತಂದೊಪ್ಪಿಸಿದ ಕೆಲಸವು ಸ್ವಂತ ಶಾಸ್ತ್ರಚಿಂತನೆಗೆ ಅಡ್ಡಿಯಾಗದೆ ಅದಕ್ಕೆ ಆಹಾರವಾದ ಬಗೆ ಇದು.

ಅಲ್ಪ ಪ್ರಯೋಗದಿಂದ ಅಧಿಕ ಫಲ

ರಾಯರ ಮತ್ತೊಂದು ಕೊಡುಗೆ ಪ್ರಯೋಗಗಳ ಯೋಜನೆಗೆ ಸಂಬಂಧಿಸಿದುದು. ಮಲೆನಾಡಿನ ಓದುಗರಿಗೆ ಇದನ್ನು ಕಾಫಿಯ ತೋಟದ ನಿದರ್ಶನದಿಂದ ಸುಲಭವಾಗಿ ತಿಳಿಸಬಹುದು. ಬೆಳೆಗಾರನೊಬ್ಬನು ಗೊಬ್ಬರ, ನೆರಳು, ಗಿಡಗಳ ಅಂತರ, ಕಸಿ ಮಾಡುವ ಕ್ರಮ ಎಂಬ ನಾಲ್ಕು ಸಂಗತಿಗಳನ್ನು ಪರೀಕ್ಷಿಸಬಯಸುತ್ತಾನೆ. ಪ್ರತಿಯೊಂದರಲ್ಲಿಯೂ ಮೂರು ಬಗೆಗಳಿವೆ. ಎಲ್ಲ ಸಂಯೋಗಗಳನ್ನೂ ಪ್ರಯೋಗಿಸಬೇಕಾದರೆ 81 ತಾಕುಗಳು ಬೇಕು. ಅಷ್ಟು ನೆಲ, ಆಳು, ಹಣ ಸಣ್ಣ ಬೆಳೆಗಾರನಲ್ಲಿ ಇರುವುದಿಲ್ಲ. ಆದರೆ ಯಾವುದೇ ಎರಡು ಸಂಗತಿಗಳನ್ನು ತೆಗೆದುಕೊಂಡರೂ ಅವುಗಳ ಬಗೆಗಳು ಪರಸ್ಪರ ಸಮವಾಗಿ ಕೂಡುವಂತೆ ಜಾಣ್ಮೆಯಿಂದ ಆರಿಸಿದ 9 ತಾಕುಗಳಲ್ಲಿಯೇ ನಾಲ್ಕು ಸಂಗತಿಗಳ ಮುಖ್ಯ ಪರಿಣಾಮಗಳನ್ನು ಬೇರೆ ಬೇರೆಯಾಗಿ ಗುರುತಿಸಬಹುದು. 'ಆರ್ಥಾಗನಲ್ ಅರೇ' ಎಂಬ ಇಂಥ ಪ್ರಯೋಗವ್ಯೂಹಗಳ ಸಾಮಾನ್ಯ ಸಿದ್ಧಾಂತವನ್ನು ರಾಯರು 1940ರ ದಶಕದಲ್ಲಿ ರಚಿಸಿದರು.

ಗಣಿತಸೌಂದರ್ಯಕ್ಕಾಗಿಯೇ ಹುಟ್ಟಿದಂತೆ ತೋರುವ ಈ ವ್ಯೂಹಗಳು ಮುಂದೆ ಕಾರ್ಖಾನೆಗಳನ್ನು ಪ್ರವೇಶಿಸಿದವು. ಜಪಾನಿನ ಎಂಜಿನಿಯರ್ ಗೆನಿಚಿ ತಗುಚಿ ಅವರು 1950ರ ದಶಕದ ನಡುವಿನಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದು ಕೆಲವು ಕಾಲ ಇದ್ದರು. ಅವರು ಬಳಕೆಗೆ ತಂದ ಗುಣಮಟ್ಟ ವರ್ಧನೆಯ ವಿಧಾನಗಳಲ್ಲಿ ಈ ವ್ಯೂಹಗಳಿಗೆ ಪ್ರಧಾನ ಸ್ಥಾನವಿದೆ. ಅದೇ ದಶಕದಲ್ಲಿ ಸಂಸ್ಥೆಯು ಬೆಂಗಳೂರೂ ಸೇರಿದಂತೆ ದೇಶದ ಹಲವು ಕೈಗಾರಿಕಾ ನಗರಗಳಲ್ಲಿ ಗುಣನಿಯಂತ್ರಣ ಘಟಕಗಳನ್ನು ತೆರೆದು ಕಾರ್ಖಾನೆಗಳಿಗೆ ಸಲಹೆ ನೀಡತೊಡಗಿತು.

ಕೆಂಪುಕೋಟೆಯ ಉಪ್ಪಿನ ಲೆಕ್ಕ

ಸಂಖ್ಯಾಶಾಸ್ತ್ರಜ್ಞನ ಸಲಹೆಯೆಂದರೆ ಏನೆಂಬುದಕ್ಕೆ ರಾಯರು ತಮ್ಮ 'ಸ್ಟ್ಯಾಟಿಸ್ಟಿಕ್ಸ್ ಅಂಡ್ ಟ್ರೂತ್' ಎಂಬ ಗ್ರಂಥದಲ್ಲಿ ಒಂದು ಪ್ರಸಂಗವನ್ನು ನಿರೂಪಿಸಿದ್ದಾರೆ. ಅದು ಅಧ್ಯಾಪಕರೆಲ್ಲರೂ ತರಗತಿಯಲ್ಲಿ ಹೇಳಬೇಕಾದ ಪ್ರಸಂಗ.

1947ರ ದೇಶವಿಭಜನೆಯ ಕಾಲದಲ್ಲಿ ದೆಹಲಿಯಲ್ಲಿ ಗಲಭೆಗಳು ನಡೆದಾಗ, ಅಲ್ಪಸಂಖ್ಯಾತ ಸಮುದಾಯದ ಬಹುಮಂದಿ ಕೆಂಪುಕೋಟೆಯಲ್ಲಿಯೂ ಸ್ವಲ್ಪಮಂದಿ ಹುಮಾಯೂನನ ಗೋರಿಯ ಆವರಣದಲ್ಲಿಯೂ ಆಶ್ರಯ ಪಡೆದರು. ಅವರಿಗೆ ಅನ್ನವನ್ನು ಒದಗಿಸುವುದು ಸರ್ಕಾರದ ಹೊಣೆಯಾಗಿತ್ತು. ಆ ಕೆಲಸವನ್ನು ಗುತ್ತಿಗೆದಾರರಿಗೆ ವಹಿಸಲಾಯಿತು. ಒಳಗೆ ಎಷ್ಟು ಜನರಿದ್ದಾರೆಂಬುದು ಯಾರಿಗೂ ತಿಳಿಯದು. ಗುತ್ತಿಗೆದಾರರು ಇಷ್ಟು ಅಕ್ಕಿ, ಇಷ್ಟು ಬೇಳೆ, ಇಷ್ಟು ಉಪ್ಪು ಎಂದು ಬರೆದುಕೊಟ್ಟ ಲೆಕ್ಕಕ್ಕೆ ಸರ್ಕಾರ ಹಣ ಕೊಡಬೇಕಾಗಿತ್ತು. ವೆಚ್ಚ ಮಿತಿಮೀರಿದಾಗ ಸಂಖ್ಯಾಶಾಸ್ತ್ರಜ್ಞರನ್ನು ಕರೆಸಲಾಯಿತು. ಆದರೆ ಆಗಿನ ಉದ್ವಿಗ್ನ ಸ್ಥಿತಿಯಲ್ಲಿ ಅವರು ಒಳಗೆ ಹೋಗಿ ಜನರನ್ನು ಎಣಿಸುವಂತಿರಲಿಲ್ಲ. ಅವರ ಕೈಗೆ ದೊರೆತದ್ದು ಗುತ್ತಿಗೆದಾರರ ಬಿಲ್ಲುಗಳು ಮಾತ್ರ.

ಒಬ್ಬ ಮನುಷ್ಯನಿಗೆ ದಿನವೊಂದಕ್ಕೆ ಎಷ್ಟು ಅಕ್ಕಿ, ಎಷ್ಟು ಬೇಳೆ, ಎಷ್ಟು ಉಪ್ಪು ಬೇಕೆಂಬುದು ಹಿಂದಿನ ಸಮೀಕ್ಷೆಗಳಿಂದ ತಿಳಿದಿತ್ತು. ಬಿಲ್ಲಿನಲ್ಲಿದ್ದ ಅಕ್ಕಿಯನ್ನು ತಲಾ ಅಕ್ಕಿಯಿಂದ ಭಾಗಿಸಿದರೆ ಜನಸಂಖ್ಯೆ ಬರಬೇಕು. ಬೇಳೆಯಿಂದಲೂ ಉಪ್ಪಿನಿಂದಲೂ ಅದೇ ಸಂಖ್ಯೆ ಬರಬೇಕು. ಆದರೆ ಮೂರೂ ಬೇರೆ ಬೇರೆಯಾಗಿ ಬಂದವು. ಅಕ್ಕಿಯ ಲೆಕ್ಕದಿಂದ ಬಂದ ಜನಸಂಖ್ಯೆ ಎಲ್ಲಕ್ಕಿಂತ ಹೆಚ್ಚು, ಉಪ್ಪಿನ ಲೆಕ್ಕದಿಂದ ಬಂದದ್ದು ಎಲ್ಲಕ್ಕಿಂತ ಕಡಿಮೆ. ಅಕ್ಕಿ ಬೆಲೆಯುಳ್ಳ ಪದಾರ್ಥ. ಅದರ ಪ್ರಮಾಣವನ್ನು ಹೆಚ್ಚಿಸಿ ಬರೆದರೆ ಲಾಭವುಂಟು. ಉಪ್ಪು ಅಗ್ಗದ ವಸ್ತು. ಅದರಲ್ಲಿ ಸುಳ್ಳು ಬರೆದು ಗಳಿಸುವುದೇನೂ ಇಲ್ಲ. ಆದಕಾರಣ ಉಪ್ಪಿನಿಂದ ಬಂದ ಸಂಖ್ಯೆಯೇ ಸತ್ಯಕ್ಕೆ ಹತ್ತಿರವೆಂದು ನಿರ್ಣಯಿಸಲಾಯಿತು. ಹುಮಾಯೂನನ ಗೋರಿಯಲ್ಲಿದ್ದವರ ವಿಷಯದಲ್ಲಿ ಇದೇ ವಿಧಾನದಿಂದ ಬಂದ ಅಂದಾಜು ಸ್ವತಂತ್ರವಾಗಿ ತಿಳಿದುಬಂದ ಸಂಖ್ಯೆಗೆ ಹತ್ತಿರವಾಗಿದ್ದಿತು. ಈ ಯುಕ್ತಿ ಸಂಸ್ಥೆಯಲ್ಲಿ ಬಹುಕಾಲ ಸೇವೆ ಸಲ್ಲಿಸಿದ ಜೆ. ಎಂ. ಸೇನ್‌ಗುಪ್ತ ಅವರದೆಂದು ರಾಯರು ಸ್ಪಷ್ಟವಾಗಿ ದಾಖಲಿಸಿದ್ದಾರೆ. ಅನ್ಯರ ಯಶಸ್ಸನ್ನು ಅವರ ಹೆಸರಿನಲ್ಲಿಯೇ ಹೇಳುವುದೂ ಲೆಕ್ಕದ ಶುದ್ಧಿಗೆ ಸೇರಿದ್ದು.

ಇಲ್ಲಿ ಬಳಕೆಯಾದ ಗಣಿತ ಕೇವಲ ಭಾಗಾಕಾರ. ಪ್ರಾಥಮಿಕ ಶಾಲೆಯ ಬಾಲಕನೂ ಅದನ್ನು ಮಾಡಬಲ್ಲ. ಅಂಕೆಯನ್ನು ಬರೆದವನು ಯಾರು, ಅವನಿಗೆ ಹಾಗೆ ಬರೆಯಲು ಕಾರಣವೇನು ಎಂದು ವಿಚಾರಿಸುವ ವಿವೇಕವೇ ಇಲ್ಲಿಯ ಶಾಸ್ತ್ರ.

ಗುರುಪರಂಪರೆ

ರಾಯರು ಸುಮಾರು ನಾಲ್ಕು ದಶಕಗಳನ್ನು ಒಂದೇ ಸಂಸ್ಥೆಯಲ್ಲಿ ಕಳೆದರು. 1949ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಪ್ರಾಧ್ಯಾಪಕರಾದರು. ಸಂಶೋಧನೆ ಮತ್ತು ಶಿಕ್ಷಣ ವಿಭಾಗವನ್ನು ಕಟ್ಟಿ ಬೆಳೆಸಿದರು. 1959ರ ಕಾಯಿದೆಯಿಂದ ಸಂಸ್ಥೆಗೆ ಪದವಿ ನೀಡುವ ಅಧಿಕಾರ ದೊರೆತ ಮೇಲೆ, ಸಂಖ್ಯಾಶಾಸ್ತ್ರದಲ್ಲಿಯೇ ಪದವಿ ಮತ್ತು ಸ್ನಾತಕೋತ್ತರ ಪದವಿಯ ತರಗತಿಗಳನ್ನು ಆರಂಭಿಸುವುದರಲ್ಲಿ ಮುಂದಾಳಾಗಿದ್ದರು. 1972ರಲ್ಲಿ ಮಹಲನೋಬಿಸ್ ಅವರು ನಿಧನರಾದ ಮೇಲೆ ಕೆಲವು ವರ್ಷ ಸಂಸ್ಥೆಯ ಆಡಳಿತದ ಹೊಣೆಯನ್ನೂ ಹೊತ್ತರು. ಈ ಸಂಸ್ಥೆಯ ಒಂದು ಕೇಂದ್ರ ಬೆಂಗಳೂರಿನ ಮೈಸೂರು ರಸ್ತೆಯಲ್ಲಿದ್ದು, ಕರ್ನಾಟಕದ ವಿದ್ಯಾರ್ಥಿಗಳಿಗೂ ಈ ಪರಂಪರೆಯ ಬಾಗಿಲು ಸಮೀಪದಲ್ಲಿಯೇ ಇದೆ.

ಅವರ ಶಿಷ್ಯಸಂಪತ್ತು ಅಸಾಧಾರಣವಾದುದು. ದೇವವ್ರತ ಬಸು ಅವರು ರಾಯರಲ್ಲಿ ಸಂಶೋಧನೆ ಮಾಡಿದ ಮೊದಲಿಗರು. 1950ರ ದಶಕದ ಕೊನೆಯಲ್ಲಿ ಕೆ. ಆರ್. ಪಾರ್ಥಸಾರಥಿ, ವಿ. ಎಸ್. ವರದರಾಜನ್, ಆರ್. ರಂಗರಾವ್, ಎಸ್. ಆರ್. ಶ್ರೀನಿವಾಸ ವರಧನ್ ಎಂಬ ನಾಲ್ವರು ತರುಣರು ಅಲ್ಲಿ ಕೂಡಿದ್ದರು. ತಾವು ಕಲಿಯಬೇಕಾದುದನ್ನು ಪರಸ್ಪರ ಪಾಠ ಹೇಳಿಕೊಂಡು ಕಲಿಯಲು ಅವರಿಗೆ ಸ್ವಾತಂತ್ರ್ಯವಿತ್ತು. ಅವರಲ್ಲಿ ವರಧನ್ ಅವರು 2007ರಲ್ಲಿ ಗಣಿತಪ್ರಪಂಚದ ಶ್ರೇಷ್ಠ ಗೌರವಗಳಲ್ಲೊಂದಾದ ಆಬೆಲ್ ಪ್ರಶಸ್ತಿಯನ್ನು ಪಡೆದರು. ಶಿಷ್ಯರನ್ನು ತನ್ನ ನೆರಳಿನಲ್ಲಿಯೇ ನಿಲ್ಲಿಸಿಕೊಳ್ಳದೆ ಅವರ ಪಾಡಿಗೆ ಬೆಳೆಯಲು ಬಿಡುವುದು ಗುರುವಿನ ದೊಡ್ಡತನ.

1979ರಲ್ಲಿ ರಾಯರು ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯಕ್ಕೆ ಹೋದರು. 1988ರಿಂದ ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ನಮ್ಮಲ್ಲಿ ಬಹುಮಂದಿ ವಿಶ್ರಾಂತಿಯನ್ನು ಅಪೇಕ್ಷಿಸುವ ವಯಸ್ಸಿನಲ್ಲಿ ಅವರ ಮತ್ತೊಂದು ಅಧ್ಯಾಪನಜೀವನ ಆರಂಭವಾಯಿತು. 1967ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ, 1968ರಲ್ಲಿ ಪದ್ಮಭೂಷಣ, 2001ರಲ್ಲಿ ಪದ್ಮವಿಭೂಷಣ, 2002ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಪ್ರದಾನ, ಹೀಗೆ ಗೌರವಗಳು ಬಂದವು. 1945ರ ಆ ಪ್ರಬಂಧವನ್ನು ವಿಶೇಷವಾಗಿ ಸ್ಮರಿಸಿ 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿಯನ್ನು ನೀಡಲಾಯಿತು. ಒಂದು ಪ್ರಬಂಧದ ಬೆಳಕು ಎಪ್ಪತ್ತೆಂಟು ವರ್ಷಗಳ ಅನಂತರವೂ ಮಂಕಾಗಿರಲಿಲ್ಲ. ಅದೇ ವರ್ಷ ಆಗಸ್ಟ್ 22ರಂದು, ನೂರೆರಡು ವರ್ಷಗಳ ತುಂಬುಜೀವನವನ್ನು ಮುಗಿಸಿ ರಾಯರು ಅಸ್ತಂಗತರಾದರು.

ಶಾಲೆಗೂ ಊರಿಗೂ ಒದಗುವ ಪಾಠ

ಇಂಥ ವಿದ್ವಾಂಸರ ಜೀವನದಿಂದ ವನಗೂರಿನಂಥ ಮಲೆನಾಡಿನ ಊರು ಪಡೆಯಬಹುದಾದುದೇನೆಂದು ಪ್ರಶ್ನಿಸಬಹುದು. ಪಡೆಯಬೇಕಾದುದು ಬಹಳವಿದೆ. ಮಲೆನಾಡಿನವರ ಬದುಕು ಅಂದಾಜಿನ ಮೇಲೆಯೇ ನಿಂತಿದೆ. ಹೂಮಳೆ ಬಿದ್ದ ಮೇಲೆ ಬೆಳೆಗಾರನು ಗಿಡಗಳನ್ನು ನೋಡಿ ಫಸಲಿನ ಲೆಕ್ಕ ಹಾಕುತ್ತಾನೆ. ಕಾಫಿ ಮಂಡಳಿಯೂ ಹೂ ಅರಳಿದ ಮೇಲೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ ಬೆಳೆಯ ಅಂದಾಜನ್ನು ಪ್ರಕಟಿಸುತ್ತದೆ. ಭತ್ತದ ಇಳುವರಿಯನ್ನು ನಿರ್ಣಯಿಸಲು ಬೆಳೆ ಕಟಾವು ಪ್ರಯೋಗ ನಡೆಯುತ್ತದೆ. ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ತಾಕನ್ನು ಕೊಯ್ದು, ಬಡಿದು, ತೂಗಿ ಊರಿನ ಇಳುವರಿಯನ್ನು ಹೇಳುತ್ತಾರೆ. ಬೆಳೆವಿಮೆಯ ಪರಿಹಾರಕ್ಕೂ ಇಂಥ ಅಂದಾಜು ಆಧಾರವಾಗುತ್ತದೆ. ಆ ತಾಕನ್ನು ನಿಯಮದಂತೆ ಚೀಟಿ ಎತ್ತಿದ ಹಾಗೆ ಆರಿಸದೆ, ರಸ್ತೆಯ ಬದಿಯ ಒಳ್ಳೆಯ ಗದ್ದೆಯನ್ನೇ ಹಿಡಿದರೆ, ಮೂಲೆಯ ಗದ್ದೆಯಲ್ಲಿ ನಷ್ಟಹೊಂದಿದವನ ಅನ್ನಕ್ಕೆ ಕಲ್ಲು ಬೀಳುತ್ತದೆ. ಅಗುಳನ್ನು ಎಲ್ಲಿಂದ ತೆಗೆದರೆಂಬ ಪ್ರಶ್ನೆ ಇಲ್ಲಿ ಅಕ್ಷರಶಃ ಅನ್ನದ ಪ್ರಶ್ನೆಯೇ ಆಗಿದೆ.

ಶಾಲೆಗೆ ಇನ್ನೂ ಹತ್ತಿರದ ಪಾಠವೊಂದನ್ನು ರಾಯರು ಕಲಿಸಿದ್ದಾರೆ. ಅವರು ಉಪನ್ಯಾಸಕ್ಕೆಂದು ಹೋದ ಊರುಗಳಲ್ಲಿ ವಿದ್ಯಾರ್ಥಿಗಳನ್ನು, ನಿನ್ನನ್ನೂ ಸೇರಿಸಿ ಮನೆಯಲ್ಲಿ ಎಷ್ಟ ಮಂದಿ ಸೋದರರು, ಎಷ್ಟು ಮಂದಿ ಸೋದರಿಯರು ಎಂದು ಕೇಳಿ ಲೆಕ್ಕ ಹಾಕುತ್ತಿದ್ದರು. ಗಂಡುಮಕ್ಕಳ ತರಗತಿಯಲ್ಲಿ ಸೋದರರ ಮೊತ್ತವೇ ಹೆಚ್ಚಾಗಿ ಬರುತ್ತಿತ್ತು. ಇದರಿಂದ ಊರಿನಲ್ಲಿ ಗಂಡುಮಕ್ಕಳೇ ಹೆಚ್ಚೆಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಗಂಡುಮಕ್ಕಳೇ ಇಲ್ಲದ ಮನೆ ಆ ತರಗತಿಯ ಲೆಕ್ಕಕ್ಕೆ ಬರುವಂತೆಯೇ ಇಲ್ಲ. ಉತ್ತರ ಹೇಳುವ ಹುಡುಗರನ್ನು ಮೊತ್ತದಿಂದ ಕಳೆದರೆ ಉಳಿದ ಸೋದರರೂ ಸೋದರಿಯರೂ ಹೆಚ್ಚುಕಡಮೆ ಸಮವಾಗುತ್ತಾರೆ. ಯಾವ ಉಪಾಧ್ಯಾಯರಾದರೂ ಸೀಮೆಸುಣ್ಣದ ಒಂದು ತುಂಡಿನ ವೆಚ್ಚದಲ್ಲಿ ಈ ಪ್ರಯೋಗವನ್ನು ಮಾಡಿ ನೋಡಬಹುದು.

ಇದರ ತಾತ್ಪರ್ಯ ಗಂಭೀರವಾದುದು. ನಮ್ಮ ಲೆಕ್ಕಕ್ಕೆ ಬಂದವರನ್ನು ಮಾತ್ರ ನೋಡಿ, ಬಾರದವರ ವಿಷಯವನ್ನೂ ನಿರ್ಣಯಿಸಿಬಿಡುವ ದೋಷ ಸರ್ವತ್ರ ಇದೆ. ಪರೀಕ್ಷೆಗೆ ಕುಳಿತ ನೂರು ಮಂದಿಯಲ್ಲಿ ತೊಂಬತ್ತು ಮಂದಿ ತೇರ್ಗಡೆಯಾದರೆ ಶಾಲೆಯ ಫಲಿತಾಂಶ ಶೇಕಡ 90 ಎಂದು ಬರೆಯುತ್ತಾರೆ. ಅದು ಸುಳ್ಳಲ್ಲ. ಆದರೆ ಅದೇ ತಂಡದಲ್ಲಿ ಸೇರಿದ್ದು, ತಾಯಿತಂದೆಯರ ಜೊತೆ ತೋಟದ ಕೆಲಸಕ್ಕೆ ಹೋಗಲೆಂದು, ಮಳೆಗಾಲದಲ್ಲಿ ಹಳ್ಳ ದಾಟಲಾರದೆ, ಮನೆಯ ಕಷ್ಟದಿಂದ ನಡುವೆಯೇ ಶಾಲೆ ಬಿಟ್ಟ ಮಕ್ಕಳು ಆ ನೂರರೊಳಗೆ ಇಲ್ಲ. ಹಳೆಯ ವಿದ್ಯಾರ್ಥಿಗಳ ಸ್ಥಿತಿಗತಿಯನ್ನು ಉತ್ಸವಕ್ಕೆ ಬಂದವರಿಂದ ಮಾತ್ರ ತಿಳಿದುಕೊಂಡರೆ, ಬರಲು ಸಂಕೋಚಪಟ್ಟವರ, ಬರಲಾರದೆ ಹೋದವರ ಕಥೆ ಮರೆಯಾಗುತ್ತದೆ. ದಾನಿಗಳ ಧರ್ಮಬುದ್ಧಿ ಹೆಚ್ಚು ಸಾರ್ಥಕವಾಗಬೇಕಾದುದು ಯಾರ ವಿಷಯದಲ್ಲಿಯೋ ಅವರೇ ಲೆಕ್ಕದ ಹೊರಗೆ ಉಳಿಯುತ್ತಾರೆ. ಆದ್ದರಿಂದ ದಾಖಲಾತಿ ಪುಸ್ತಕದಲ್ಲಿ ಹೆಸರಿದ್ದು, ಪರೀಕ್ಷೆಯ ಪಟ್ಟಿಯಲ್ಲಿ ಇಲ್ಲದ ಮಕ್ಕಳನ್ನು ವರ್ಷಕ್ಕೊಮ್ಮೆ ಎಣಿಸಿ ಬರೆದಿಡುವುದು ಪ್ರತಿಯೊಂದು ಶಾಲೆಯೂ ಮಾಡಬಹುದಾದ ಮೊದಲ ಸಂಖ್ಯಾಶಾಸ್ತ್ರೀಯ ಕಾರ್ಯ. ಅದಕ್ಕೆ ಗಣಕಯಂತ್ರ ಬೇಕಾಗಿಲ್ಲ, ಪ್ರಾಮಾಣಿಕತೆ ಬೇಕು.

ಸಮಾರೋಪ

ಸಂದೇಹವಿರುವ ಜ್ಞಾನವನ್ನು ಬಿಸಾಡಬೇಕಾಗಿಲ್ಲ, ಅದರಲ್ಲಿರುವ ಸಂದೇಹದ ಪ್ರಮಾಣವೆಷ್ಟೆಂದು ಅರಿತರೆ ಆ ಜ್ಞಾನವೇ ಉಪಯೋಗಕ್ಕೆ ಬರುತ್ತದೆ ಎಂಬುದು ರಾಯರ ಚಿಂತನೆಯ ತಿರುಳು. ತನಗೆ ಎಲ್ಲವೂ ಗೊತ್ತೆನ್ನುವ ಅಹಂಕಾರವೂ, ಏನನ್ನೂ ಅರಿಯಲಾಗದೆನ್ನುವ ನಿರಾಶೆಯೂ ಈ ಶಾಸ್ತ್ರಕ್ಕೆ ಸಮ್ಮತವಲ್ಲ. ಅಳತೆಯಲ್ಲಿ ವಿನಯ, ವಿನಯದಲ್ಲಿಯೂ ಒಂದು ಅಳತೆ, ಇದು ಅದರ ಶೀಲ.

ರಾಯರಿಗೆ ಕೀರ್ತಿಯನ್ನು ತಂದ ವಿಚಾರಗಳ ಮೂಲವನ್ನು ನೋಡಿದರೆ, ಅಲ್ಲಿ ಯಾರೋ ತಂದೊಪ್ಪಿಸಿದ ಪ್ರಶ್ನೆಯಿರುವುದು ಕಾಣುತ್ತದೆ. ತರಗತಿಯಲ್ಲಿ ಎದ್ದುನಿಂತ ವಿದ್ಯಾರ್ಥಿಯ ಪ್ರಶ್ನೆ, ಸಂಗ್ರಹಾಲಯದ ಅಸ್ಥಿಗಳ ಪ್ರಶ್ನೆ, ಜನರ ದೇಹಮಾಪನದ ಪ್ರಶ್ನೆ. ಪ್ರಶ್ನೆಯನ್ನು ಗೌರವಿಸಿದವರಿಗೆ ವಿದ್ಯೆ ಒಲಿಯಿತು, ಆ ವಿದ್ಯೆಯನ್ನು ಲೋಕಕ್ಕೆ ಮರಳಿಸಿದಾಗ ಅದು ಮತ್ತೆ ಹೊಸ ಪ್ರಶ್ನೆಗಳನ್ನು ತಂದಿತು. ಮಲೆನಾಡಿನ ಶಾಲೆಗಳಲ್ಲಿ ಹಿಂದಿನ ಬೆಂಚಿನಿಂದ ಏಳುವ ಪ್ರಶ್ನೆಗಳಿಗೆ ಅಂಥ ಆದರ ದೊರೆಯಲಿ. ಉತ್ತರ ತಿಳಿಯದ ದಿನ, ನಾಳೆ ಹೇಳುತ್ತೇನೆಂದು ಒಪ್ಪಿಕೊಂಡು ಮನೆಗೆ ಹೋಗಿ ದೀಪ ಹಚ್ಚಿ ಕುಳಿತುಕೊಳ್ಳುವ ಅಧ್ಯಾಪಕರ ಸಂತತಿ ಬೆಳೆಯಲಿ.